ಬೌಲ್ ಬಿಚ್ಚಿ ಡಬ್ಬಿ ಹಾಕುವ ಮುನ್ನ: ಹಳೆ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೌಲ್ (ಲೋಹದ ಬಟ್ಟಲು) ಒಳಗೆ ಎಲಿಮೆಂಟ್ (ಸೋಸುವ ಕಾಗದದ ಭಾಗ) ಕೂರಿಸುವ ಹಳೆ ಮಾದರಿಯ ಆಯಿಲ್ ಫಿಲ್ಟರನ್ನು ತೆಗೆದು, ಕೈಯಲ್ಲೇ ತಿರುಗಿಸಿ ಹಾಕುವ ಡಬ್ಬಿ ಫಿಲ್ಟರಿಗೆ, ಅಂದರೆ ಸ್ಪಿನ್-ಆನ್‌ಗೆ ಬದಲಾಯಿಸುವುದು ಹೇಗೆ ಎಂದು ಕೇಳಿದ್ದೀರಿ. ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಪ್ರತಿ ಸಲ ಎಲಿಮೆಂಟ್ ಬದಲಿಸಿದಾಗಲೂ ಬೌಲ್ ಅಂಚಿನಿಂದ ಆಯಿಲ್ ಜಿನುಗುತ್ತದೆ. ಸ್ಪಿನ್-ಆನ್ ಹಾಕಿದರೆ ಸೋರಿಕೆ ನಿಲ್ಲುತ್ತದೆ, ಇಂಜಿನ್ ಬಾಳಿಕೆಯೂ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಸೋರಿಕೆ ನಿಲ್ಲಬಹುದು. ಬಾಳಿಕೆಯ ಮಾತು ಹಾಗೆ ಸುಮ್ಮನೆ ಒಪ್ಪುವಂಥದ್ದಲ್ಲ. ಸರಿಯಾಗಿ ಕೂರಿಸಿದ ಬೌಲ್ ಫಿಲ್ಟರ್ ಸ್ಪಿನ್-ಆನ್ ಫಿಲ್ಟರಿನಷ್ಟೇ ಚೆನ್ನಾಗಿ ಆಯಿಲ್ ಸೋಸುತ್ತದೆ. ಒಳಗಿನ ಕಾಗದ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯದು. ಸ್ಪಿನ್-ಆನ್ ಬಂದದ್ದು 1950ರ ದಶಕದಲ್ಲಿ. ಅದು ಗೆದ್ದದ್ದು ಹೆಚ್ಚು ಸೋಸುತ್ತದೆಂದಲ್ಲ, ಬದಲಿಸುವವನ ಕೈತಪ್ಪಿಗೆ ಜಾಗ ಕಡಿಮೆ ಬಿಡುತ್ತದೆಂದು.

ಬೌಲ್ ಫಿಲ್ಟರಿನ ಸೋರಿಕೆಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಹೆಡ್‌ನ, ಅಂದರೆ ಬೌಲ್ ಬಿಗಿಯುವ ಎರಕದ ಭಾಗದ, ತೋಡಿನಲ್ಲಿ (ಗ್ರೂವ್) ಹಳೆ ರಬ್ಬರ್ ರಿಂಗ್ ಹಾಗೇ ಉಳಿದಿರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಬೇಕಲೈಟ್‌ನಷ್ಟು ಗಟ್ಟಿಯಾಗಿ, ಕಪ್ಪಗೆ, ಲೋಹದ ಭಾಗವೇ ಎನ್ನುವಂತೆ ಕಾಣುತ್ತದೆ. ಅದರ ಮೇಲೆ ಹೊಸ ರಿಂಗ್ ಕೂರಿಸಿದರೆ ಬೌಲ್ ನೇರವಾಗಿ ಕೂರುವುದಿಲ್ಲ. ಚೂಪಾದ ಸೂಜಿಯಿಂದ ತೋಡನ್ನು ಗೀರಿ ನೋಡಿ. ಸೂಜಿ ಚುಚ್ಚಿಕೊಂಡರೆ ರಬ್ಬರ್, ಜಾರಿದರೆ ಲೋಹ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಒಂದರ ಮೇಲೊಂದು ಎರಡು ರಿಂಗ್ ಸಿಗುವುದುಂಟು. ಇನ್ನುಳಿದ ಕಾರಣಗಳು ನಡುಬೋಲ್ಟಿನ ತಾಮ್ರದ ವಾಷರ್ ಸವೆದಿರುವುದು, ಬೋಲ್ಟನ್ನು ಅತಿಯಾಗಿ ಬಿಗಿದು ಬೌಲ್‌ನ ತಳ ಒಳಗೆ ತಗ್ಗಿರುವುದು.

ಇದಕ್ಕಿಂತ ಕೆಟ್ಟದ್ದು ಹೊರಗೆ ಕಾಣದ ಸೋರಿಕೆ. ಬೌಲ್‌ನ ತಳದಲ್ಲಿ ಒಂದು ಸ್ಪ್ರಿಂಗ್, ಅದರ ಮೇಲೊಂದು ತಟ್ಟೆ, ಫೆಲ್ಟ್ ಅಥವಾ ರಬ್ಬರ್ ವಾಷರ್ ಇರುತ್ತವೆ. ಎಲಿಮೆಂಟನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅವೇ. ಹಿಂದೆ ಯಾರೋ ಬದಲಿಸುವಾಗ ಅವು ಹಳೆ ಎಲಿಮೆಂಟಿಗೆ ಅಂಟಿಕೊಂಡು ಕಸಕ್ಕೆ ಹೋಗಿದ್ದರೆ, ಸೋಸದ ಆಯಿಲ್ ಎಲಿಮೆಂಟಿನ ತುದಿಯನ್ನು ಸುತ್ತಿ ನೇರ ಬೇರಿಂಗಿಗೆ ಹೋಗುತ್ತದೆ. ಮೀಟರಿನಲ್ಲಿ ಪ್ರೆಶರ್ ಅಚ್ಚುಕಟ್ಟಾಗಿರುತ್ತದೆ, ಫಿಲ್ಟರ್ ಮಾತ್ರ ಇದ್ದೂ ಇಲ್ಲದಂತೆ. ನಿಮ್ಮ ಬೌಲ್‌ನಲ್ಲಿ ಸ್ಪ್ರಿಂಗ್, ತಟ್ಟೆ, ವಾಷರ್ ಎಲ್ಲ ಇವೆಯೇ ಎಂದು ಬಿಡಿಭಾಗಗಳ ಚಿತ್ರದೊಂದಿಗೆ ಹೋಲಿಸಿ ನೋಡಿ. ಎಲ್ಲ ಇದ್ದು, ಎಲಿಮೆಂಟೂ ಸುಲಭವಾಗಿ ಸಿಗುತ್ತಿದ್ದರೆ ಬದಲಾವಣೆಯ ಅಗತ್ಯವಿಲ್ಲ. ಬೌಲ್ ಸೊಟ್ಟಗಾಗಿದ್ದರೆ, ಒಳಭಾಗಗಳು ಕಳೆದಿದ್ದರೆ, ಎಲಿಮೆಂಟಿಗೆ ಪ್ರತಿ ಸಲ ಹುಡುಕಾಡುವಂತಾಗಿದ್ದರೆ ಧಾರಾಳವಾಗಿ ಬದಲಾಯಿಸಿ.

ಪ್ರಶ್ನೆ: ಹಳೆಯ ಪೆಟ್ರೋಲ್ ಟ್ರ್ಯಾಕ್ಟರಿಗೆ ಅಡಾಪ್ಟರ್ (ಹಳೆ ಹೆಡ್‌ಗೆ ಡಬ್ಬಿ ಕೂರುವಂತೆ ಮಾಡುವ ನಡುತಟ್ಟೆ) ಹಾಕಿ ಸ್ಪಿನ್-ಆನ್ ಕೂರಿಸಿದೆವು. ಸೋರಿಕೆ ಇಲ್ಲ. ಆದರೆ ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮೊದಲಿದ್ದುದರ ಅರ್ಧಕ್ಕೂ ಬರುತ್ತಿಲ್ಲ. ಫಿಲ್ಟರ್ ಕೆಟ್ಟದ್ದೇ?

ಫಿಲ್ಟರಿನ ತಪ್ಪಲ್ಲ. ನಿಮ್ಮದು ಬೈಪಾಸ್ ಪದ್ಧತಿಯ ಇಂಜಿನ್ ಆಗಿರಬೇಕು. ಅಡಾಪ್ಟರ್ ಹಾಕುವಾಗ ಅದರ ಸಣ್ಣ ತೂತು ಹೋಗಿಬಿಟ್ಟಿದೆ.

ಹಳೆ ಇಂಜಿನ್‌ಗಳಲ್ಲಿ ಎರಡು ಪದ್ಧತಿ. ಫುಲ್-ಫ್ಲೋ ಎಂದರೆ ಪಂಪಿನಿಂದ ಬೇರಿಂಗಿಗೆ ಹೋಗುವ ಆಯಿಲ್ ಪೂರ್ತಿ ಫಿಲ್ಟರ್ ಮೂಲಕವೇ ಹಾಯುತ್ತದೆ. ಪರ್ಕಿನ್ಸ್ 3 ಸಿಲಿಂಡರ್ ಡೀಸೆಲ್, ಅಂದರೆ ಮ್ಯಾಸಿ ಫರ್ಗುಸನ್ 135ರಲ್ಲಿ ಇದ್ದದ್ದು, ಈ ಜಾತಿಯದು. ಬೈಪಾಸ್ ಪದ್ಧತಿಯಲ್ಲಿ ಪಂಪಿನ ಆಯಿಲ್ ಸೋಸದೆ ನೇರ ಬೇರಿಂಗಿಗೆ ಹೋಗುತ್ತದೆ. ಅದರಲ್ಲಿ ಸುಮಾರು ಹತ್ತರ ಒಂದು ಪಾಲು ಮಾತ್ರ ಪಕ್ಕದ ದಾರಿಯಲ್ಲಿ ಫಿಲ್ಟರ್ ಹೊಕ್ಕು, ಸೋಸಿಕೊಂಡು, ಚೇಂಬರಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ವಾಪಸ್ ಬೀಳುತ್ತದೆ. 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಇದಕ್ಕೆ ಹೆಸರಾದ ಉದಾಹರಣೆ.

ಆ ಹತ್ತರ ಒಂದು ಪಾಲನ್ನು ಅಳೆದು ಬಿಡುವುದು ದಾರಿಯಲ್ಲಿರುವ ಒಂದು ಸಣ್ಣ ತೂತು, ಸುಮಾರು 1.5 ಮಿ.ಮೀ.ನದು. ಕೆಲವು ಇಂಜಿನ್‌ಗಳಲ್ಲಿ ಅದು ಬೌಲ್‌ನ ನಡುಕೊಳವೆಯಲ್ಲಿ ಇರುತ್ತದೆ, ಕೆಲವುದರಲ್ಲಿ ಪೈಪಿನ ಫಿಟ್ಟಿಂಗ್‌ನಲ್ಲಿ. ಬೌಲ್ ಜೊತೆಗೆ ನಡುಕೊಳವೆಯನ್ನೂ ತೆಗೆದಿಟ್ಟರೆ ತೂತೂ ಹೋಯಿತು. ಲೆಕ್ಕ ಹಾಕಿ ನೋಡಿ: ಬಿಸಿ ಆಯಿಲ್ 3 ಬಾರ್ ಪ್ರೆಶರಿನಲ್ಲಿ 1.6 ಮಿ.ಮೀ. ತೂತಿನಿಂದ ನಿಮಿಷಕ್ಕೆ ಸುಮಾರು 2 ಲೀಟರ್ ಹೋಗುತ್ತದೆ. ಅದೇ ಜಾಗದಲ್ಲಿ 6 ಮಿ.ಮೀ. ದಾರಿ ತೆರೆದುಕೊಂಡರೆ ಅದರ 14 ಪಟ್ಟು. ಚಿಕ್ಕ ಇಂಜಿನ್‌ನ ಪಂಪು ಕೊಡುವುದೇ ಹೆಚ್ಚುಕಡಿಮೆ ಅಷ್ಟು. ಬೇರಿಂಗಿಗೆ ಉಳಿಯುವುದೇನು?

ಯಾವ ಪದ್ಧತಿ ಎಂದು ಗುರುತಿಸಲು ದಾರಿ ನೋಡಿ. ಫಿಲ್ಟರ್ ಹೆಡ್ ಇಂಜಿನ್ ಬ್ಲಾಕಿಗೇ ಕೂತು, ಹೋಗುವ ಬರುವ ತೂತುಗಳೆರಡೂ ಬ್ಲಾಕಿನೊಳಗೇ ಇದ್ದು ದಪ್ಪಗಿದ್ದರೆ ಸಾಮಾನ್ಯವಾಗಿ ಫುಲ್-ಫ್ಲೋ. ಫಿಲ್ಟರ್ ಬೇರೆ ಬ್ರಾಕೆಟ್ಟಿನ ಮೇಲಿದ್ದು, ಪೆನ್ಸಿಲ್ ದಪ್ಪದ ಪೈಪುಗಳಿದ್ದು, ಅವುಗಳಲ್ಲಿ ಒಂದು ಚೇಂಬರಿಗೋ ಟೈಮಿಂಗ್ ಕವರಿಗೋ ಹೋಗಿ ಸೇರಿದರೆ ಬೈಪಾಸ್. ಆದರೆ ಬ್ಲಾಕಿಗೇ ಕೂತ ಬೈಪಾಸ್ ಫಿಲ್ಟರುಗಳೂ ಇವೆ. ಆದ್ದರಿಂದ ಹೆಡ್ ಬಿಚ್ಚಿದಾಗ ವಾಪಸ್ ದಾರಿಯಲ್ಲಿ 1.5 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಮಾತ್ರ ಹೊಗುವಂಥ ತೂತು ಇದೆಯೇ ಎಂದು ಹುಡುಕಿ.

ನಿಮಗೀಗ ಬೇಕಾದ್ದು ಆ ತೂತನ್ನು ಮತ್ತೆ ತರುವುದು. ಹಳೆ ನಡುಕೊಳವೆಯ ತೂತನ್ನು ಡ್ರಿಲ್ ಬಿಟ್ಟಿನ ಹಿಂಬದಿಯಿಂದ ಅಳೆದು, ಅಷ್ಟೇ ಅಳತೆಯ ತೂತಿರುವ ಹಿತ್ತಾಳೆಯ ಬಿರಡೆಯನ್ನು ಅಡಾಪ್ಟರಿನ ಒಳದಾರಿಯಲ್ಲಿ ಥ್ರೆಡ್ ಮಾಡಿ ಕೂರಿಸಿ. ಒತ್ತಿ ಕೂರಿಸಿದ ಬಿರಡೆ ಒಂದು ದಿನ ಕಳಚಿಕೊಳ್ಳುತ್ತದೆ. ಥ್ರೆಡ್ ಬಿರಡೆ ಕೂರಿಸುವವರೆಗೆ ಟ್ರ್ಯಾಕ್ಟರನ್ನು ಕೆಲಸಕ್ಕೆ ಹಚ್ಚಬೇಡಿ. ಬೈಪಾಸ್ ಇಂಜಿನನ್ನೇ ಫುಲ್-ಫ್ಲೋ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬ್ಲಾಕಿನೊಳಗಿನ ಆಯಿಲ್ ದಾರಿಯನ್ನು ಮುಚ್ಚಿ ಹೊಸದು ಕೊರೆಯುವ ಕೆಲಸ ಅದು. ಫಿಲ್ಟರಿನ ಸಲುವಾಗಿ ಅಷ್ಟು ದೂರ ಹೋಗುವುದು ಬೇಡ.

ಪ್ರಶ್ನೆ: ನನ್ನದು ಪರ್ಕಿನ್ಸ್ 3 ಸಿಲಿಂಡರ್ ಇಂಜಿನ್. ಹೆಡ್ ಪೂರ್ತಿ ಬದಲಿಸುವುದೋ, ಹಳೆ ಹೆಡ್‌ಗೇ ಅಡಾಪ್ಟರ್ ಹಾಕುವುದೋ? ಕೆಲಸದ ಕ್ರಮ ತಿಳಿಸಿ.

ಹೆಡ್ ಪೂರ್ತಿ ಬದಲಿಸಿ. ಈ ಇಂಜಿನ್‌ಗೆ ಸ್ಪಿನ್-ಆನ್ ಹೆಡ್ ಬಿಡಿಭಾಗವಾಗಿಯೇ ಸಿಗುತ್ತದೆ. ಜೋಡಣೆಯ ಒಂದು ಅಂಚು ಕಡಿಮೆಯಾದಷ್ಟೂ ಸೋರುವ ಜಾಗ ಒಂದು ಕಡಿಮೆ.

ಇಂಜಿನನ್ನು ಹತ್ತು ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ಚೇಂಬರ್ ಖಾಲಿ ಮಾಡಿ. ಅದಕ್ಕೂ ಮೊದಲು ಹೆಡ್ ಸುತ್ತಲಿನ ಮಣ್ಣು ಗ್ರೀಸನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದುಬಿಡಿ. ಬಿಚ್ಚಿದ ಮೇಲೆ ಉದುರುವ ಮಣ್ಣು ನೇರ ಆಯಿಲ್ ಗ್ಯಾಲರಿಗೆ, ಅಂದರೆ ಬೇರಿಂಗುಗಳಿಗೆ ಆಯಿಲ್ ಒಯ್ಯುವ ಬ್ಲಾಕಿನ ದಾರಿಗೆ, ಬೀಳುತ್ತದೆ. ಬೌಲ್‌ನಲ್ಲಿ ಅರ್ಧ ಲೀಟರಿಗೂ ಮಿಕ್ಕಿ ಆಯಿಲ್ ನಿಂತಿರುತ್ತದೆ, ಅಗಲವಾದ ತಟ್ಟೆ ಇಡಿ. ಹೆಡ್ ಬೋಲ್ಟುಗಳನ್ನು ತೆಗೆಯುವಾಗ ಯಾವ ತೂತಿನದು ಯಾವುದೆಂದು ಗುರುತಿಟ್ಟುಕೊಳ್ಳಿ, ಉದ್ದ ಬೇರೆ ಬೇರೆ ಇರಬಹುದು. ಬ್ಲಾಕಿನ ತೂತುಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ಎಂದು ಎಣಿಸಿಡಿ. ಹಳೆ ಪ್ಯಾಕಿಂಗನ್ನು ಹಿತ್ತಾಳೆ ಪಟ್ಟಿಯಿಂದ ಕೆರೆಯಿರಿ. ಉಕ್ಕಿನ ಉಳಿ ಮುಖದ ಮೇಲೆ ಗೀರು ಬಿಡುತ್ತದೆ.

ಈಗ ಹಳೆ ಹೆಡ್ ಮತ್ತು ಹೊಸ ಹೆಡ್ ಎರಡನ್ನೂ ಮುಖ ಮೇಲಾಗಿ ಪಕ್ಕಪಕ್ಕ ಇಡಿ. ಬೋಲ್ಟಿನ ತೂತುಗಳು ಕೂಡುವುದಷ್ಟೇ ಸಾಲದು, ಆಯಿಲ್ ತೂತುಗಳೂ ಒಂದಕ್ಕೊಂದು ಕೂಡಬೇಕು. ಪಂಪಿನಿಂದ ಬರುವ ತೂತಿಗೆ ಗಾಳಿ ಊದಿ. ಅದು ಹೊಸ ಹೆಡ್‌ನ ನಡು ಸ್ಟಡ್ಡಿನ (ಫಿಲ್ಟರ್ ಏರುವ ಟೊಳ್ಳು ಥ್ರೆಡ್ ಕೊಳವೆಯ) ಹೊರಸುತ್ತಿನಿಂದ ಹೊರಬರಬೇಕು. ಸ್ಟಡ್ಡಿನ ಒಳಗೆ ಊದಿದರೆ ಗ್ಯಾಲರಿಯ ತೂತಿನಿಂದ ಬರಬೇಕು. ಸ್ಪಿನ್-ಆನ್ ಫಿಲ್ಟರಿನಲ್ಲಿ ಆಯಿಲ್ ಯಾವಾಗಲೂ ಹೊರಸುತ್ತಿನ ಸಣ್ಣ ತೂತುಗಳಿಂದ ಒಳಹೊಕ್ಕು, ಕಾಗದ ಹಾಯ್ದು, ನಡುವಿನ ಥ್ರೆಡ್ ತೂತಿನಿಂದ ಹೊರಬರುತ್ತದೆ. ಇದು ತಿರುಗುಮುರುಗಾದರೆ ಏನಾಗುತ್ತದೆಂದು ಮುಂದೆ ಇನ್ನೊಬ್ಬರಿಗೆ ಹೇಳಿದ್ದೇವೆ.

ಹೊಸ ಎರಕದ ಹೆಡ್ ನೋಡಲು ಎಷ್ಟೇ ಚೆಂದವಿರಲಿ, ಒಳದಾರಿಯಲ್ಲಿ ಎರಕದ ಮರಳೋ ಡ್ರಿಲ್ಲಿನ ಸುರುಳಿಯೋ ಇದ್ದೇ ಇರುತ್ತದೆ ಎಂದುಕೊಂಡು ಡೀಸೆಲ್ ಹಾಗೂ ಬಾಟಲಿ ಬ್ರಷ್ ಹಾಕಿ ತೊಳೆಯಿರಿ. ಗ್ಯಾಲರಿ ಬದಿಯಲ್ಲಿ ಉಳಿದ ಕಸವನ್ನು ಮುಂದೆ ಸೋಸುವವರು ಯಾರೂ ಇಲ್ಲ, ಬೇರಿಂಗೇ ಫಿಲ್ಟರ್ ಆಗಿಬಿಡುತ್ತದೆ. ಹೆಡ್‌ನ ಮುಖಕ್ಕೆ ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು 0.05 ಮಿ.ಮೀ. ಫೀಲರ್ ಗೇಜ್ ತೂರಿಸಿ ನೋಡಿ. ತೂರಿದರೆ ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ.

ಬೋಲ್ಟಿನ ಉದ್ದದಲ್ಲಿ ಅನೇಕರು ಎಡವುತ್ತಾರೆ. ಹೊಸ ಹೆಡ್‌ನ ಕಿವಿ ತೆಳುವಾಗಿದ್ದರೆ ಹಳೆ ಬೋಲ್ಟು ತೂತಿನ ತಳಕ್ಕೆ ಹೋಗಿ ನಿಲ್ಲುತ್ತದೆ. ಪಾನಾಕ್ಕೆ ಬಿಗಿ ಎನಿಸುತ್ತದೆ, ಪ್ಯಾಕಿಂಗ್ ಮಾತ್ರ ಒತ್ತಿರುವುದಿಲ್ಲ. ತೂತಿನ ಆಳವನ್ನು ಕಡ್ಡಿಯಿಂದ ಅಳೆಯಿರಿ. ಥ್ರೆಡ್ ಹಿಡಿತ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಅಂದರೆ 3/8 ಇಂಚಿನದಕ್ಕೆ ಸುಮಾರು 14 ಮಿ.ಮೀ. ಇರಬೇಕು. ತಳದಲ್ಲಿ 2-3 ಮಿ.ಮೀ. ಜಾಗ ಉಳಿದಿರಬೇಕು. ಪ್ಯಾಕಿಂಗನ್ನು ಮೊದಲು ಒಣಗಿದ್ದಂತೆಯೇ ಬ್ಲಾಕಿಗೆ ಹಿಡಿದು, ಅದು ಯಾವ ತೂತನ್ನೂ ಮುಚ್ಚುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಸಿಲಿಕೋನ್ ಸೀಲರ್ ಬೇಡ. ಅಂಚಿನಿಂದ ಒಳಕ್ಕೆ ಉಬ್ಬಿದ ಸೀಲರ್ ತುಂಡಾಗಿ ಸಣ್ಣ ಆಯಿಲ್ ತೂತಿಗೆ ಸಿಕ್ಕಿಕೊಂಡ ಇಂಜಿನ್‌ಗಳ ಲೆಕ್ಕವಿಲ್ಲ. ಬಟ್ಟೆ ತುಂಡುಗಳನ್ನು ಎಣಿಸಿ ತೆಗೆದು, ಎಲ್ಲ ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ. ಇಲ್ಲವಾದರೆ ಎರಕದ ಬ್ಲಾಕಿನಲ್ಲಿ 3/8 ಇಂಚಿಗೆ 30ರಿಂದ 35 ನ್ಯೂಟನ್ ಮೀಟರ್ ಸಾಕು.

ಹಳೆ ಹೆಡ್‌ನಲ್ಲಿ ಪ್ರೆಶರ್ ಮೀಟರಿನ ಪೈಪು ಇದ್ದರೆ ಅದರ ಥ್ರೆಡ್ ಹೊಸ ಹೆಡ್‌ಗೆ ಕೂಡುತ್ತದೆಯೇ ಎಂದೂ ನೋಡಿ. 1/8 ಇಂಚಿನ ಬಿಎಸ್‌ಪಿಗೆ (ಬ್ರಿಟಿಷ್ ಪೈಪ್ ಥ್ರೆಡ್) ಇಂಚಿಗೆ 28 ಸುತ್ತು, ಎನ್‌ಪಿಟಿಗೆ (ಅಮೆರಿಕದ ಪೈಪ್ ಥ್ರೆಡ್) 27. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಒತ್ತಾಯ ಮಾಡಿದರೆ ಎರಕ ಸೀಳುತ್ತದೆ.

ಫಿಲ್ಟರ್ ನೇರ ಕೆಳಮುಖವಾಗಿ ನೇತಾಡುವಂತಿದ್ದರೆ ಅದಕ್ಕೆ ಮೊದಲೇ ಆಯಿಲ್ ತುಂಬಿ. ರಬ್ಬರಿಗೆ ಆಯಿಲ್ ಸವರಿ, ಅದು ಮುಖಕ್ಕೆ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ತಿರುಗಿಸಿ. ಸ್ಟಾಪ್ ನಾಬ್ ಎಳೆದು ಹಿಡಿದು, ಇಂಜಿನ್ ಹತ್ತಿಕೊಳ್ಳದಂತೆ, ಹತ್ತು ಹದಿನೈದು ಸೆಕೆಂಡು ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಮೀಟರಿನ ಮುಳ್ಳು ಏಳುವವರೆಗೂ ಸ್ಟಾಪ್ ನಾಬ್ ಒಳಗೆ ಬಿಡಬೇಡಿ. ಆಮೇಲೆ ಐದು ನಿಮಿಷ ನಿಧಾನಕ್ಕೆ ಓಡಿಸಿ, ಟಾರ್ಚ್ ಹಿಡಿದು ಹೆಡ್‌ನ ಸುತ್ತ ನೋಡಿ, ನಿಲ್ಲಿಸಿ, ಹತ್ತು ನಿಮಿಷ ಕಳೆದು ಡಿಪ್‌ಸ್ಟಿಕ್ ಪರೀಕ್ಷಿಸಿ.

ಪ್ರಶ್ನೆ: ಬೌಲ್ ಇದ್ದಾಗ ಹಾಕುತ್ತಿದ್ದಷ್ಟೇ ಆಯಿಲ್ ಹಾಕಬೇಕೇ?

ಬೇಡ. ಡಬ್ಬಿ ಬೌಲ್‌ಗಿಂತ ಚಿಕ್ಕದಾದರೆ ಅಷ್ಟೇ ಆಯಿಲ್ ಹೆಚ್ಚಾಗಿ ಚೇಂಬರಿಗೆ ಬರುತ್ತದೆ. ಅರ್ಧ ಲೀಟರ್ ಕಡಿಮೆ ಹಾಕಿ, ಓಡಿಸಿ, ಡಿಪ್‌ಸ್ಟಿಕ್ ನೋಡಿ ಮೇಲಿನ ಗುರುತಿಗೆ ತನ್ನಿ. ಇನ್ನು ಮುಂದೆ ಗುರುತೇ ಅಳತೆ, ಕೈಪಿಡಿಯ ಲೀಟರ್ ಲೆಕ್ಕವಲ್ಲ.

ಪ್ರಶ್ನೆ: ಥ್ರೆಡ್ ಕೂಡುವ ಯಾವ ಫಿಲ್ಟರ್ ಆದರೂ ನಡೆಯುತ್ತದೆಯೇ? ಅಂಗಡಿಯಲ್ಲಿ ಕೊಟ್ಟದ್ದು ಸ್ವಲ್ಪ ಸಡಿಲವಾಗಿ ತಿರುಗುತ್ತದೆ, ಬಿಗಿದ ಮೇಲೆ ಸರಿಯಾಗುತ್ತದೆ.

ಆ ಸಡಿಲ ಫಿಲ್ಟರನ್ನು ಇವತ್ತೇ ತೆಗೆಯಿರಿ. ಬದಲಾವಣೆಯ ಹೆಡ್‌ಗಳಲ್ಲಿ ಹೆಚ್ಚಾಗಿ ಇರುವುದು 3/4 ಇಂಚು, ಇಂಚಿಗೆ 16 ಸುತ್ತಿನ ಯುಎನ್‌ಎಫ್ ಥ್ರೆಡ್. ಅದರ ಹೊರವ್ಯಾಸ 19.05 ಮಿ.ಮೀ. ಅದಕ್ಕೆ ತೀರ ಹತ್ತಿರದ್ದು ಎಂ20, 1.5 ಪಿಚ್, ಅಂದರೆ 20 ಮಿ.ಮೀ.ನ ಮೆಟ್ರಿಕ್ ಥ್ರೆಡ್. ಎಂ20 ಫಿಲ್ಟರ್ 3/4 ಸ್ಟಡ್ಡಿನ ಮೇಲೆ ಏರುತ್ತದೆ, ಸಡಿಲ ಎನಿಸುತ್ತದೆ, ರಬ್ಬರ್ ಒತ್ತಿದ ಮೇಲೆ ಬಿಗಿಯೂ ಆಗುತ್ತದೆ. ಆದರೆ ಥ್ರೆಡ್ಡಿನ ತುದಿ ತುದಿ ಮಾತ್ರ ಹಿಡಿದಿರುತ್ತದೆ, ಬದಿಗೆ ಮೂರನೇ ಒಂದು ಮಿಲಿಮೀಟರಿನಷ್ಟು.

ಅದು ಹೊರಬೇಕಾದ ಭಾರ ಎಷ್ಟು ಗೊತ್ತೇ? ರಬ್ಬರಿನ ಹೊರವ್ಯಾಸ 72 ಮಿ.ಮೀ. ಇದ್ದರೆ ವಿಸ್ತೀರ್ಣ ಸುಮಾರು 40 ಚದರ ಸೆಂ.ಮೀ. 60 ಪಿಎಸ್‌ಐ, ಅಂದರೆ ಚದರ ಸೆಂ.ಮೀ.ಗೆ 4 ಕೆಜಿಗೂ ಮಿಕ್ಕ ಪ್ರೆಶರಿನಲ್ಲಿ ಫಿಲ್ಟರನ್ನು ಹೊರಕ್ಕೆ ತಳ್ಳುವ ಬಲ 160 ಕೆಜಿ ದಾಟುತ್ತದೆ. ಚಳಿಯಲ್ಲಿ ಗಟ್ಟಿ ಆಯಿಲ್ ಇದ್ದು ಪ್ರೆಶರ್ ವಾಲ್ವ್ ತಡವಾಗಿ ತೆರೆದರೆ ಇದರ ದುಪ್ಪಟ್ಟು. ಫಿಲ್ಟರ್ ಹಾರಿದರೆ ಚೇಂಬರ್ ಖಾಲಿಯಾಗಲು ನಿಮಿಷವೂ ಬೇಡ. ಸರಿಯಾದ ಫಿಲ್ಟರ್ ಅಲುಗಾಡದೆ ಏರುತ್ತದೆ, ಥ್ರೆಡ್ ಹಿಡಿದಲ್ಲಿಂದ ರಬ್ಬರ್ ಮುಟ್ಟುವವರೆಗೆ ನಾಲ್ಕೈದು ಪೂರ್ತಿ ಸುತ್ತು ಬರುತ್ತದೆ.

ಥ್ರೆಡ್ ಆದಮೇಲೆ ರಬ್ಬರಿನ ಅಳತೆ. ಅದು ಹೆಡ್‌ನ ಸಮತಟ್ಟು ಮುಖದ ಮೇಲೆ ಒಳಗೂ ಹೊರಗೂ ಅಂಚು ಬಿಟ್ಟು ಪೂರ್ತಿ ಕೂರಬೇಕು. ಅಂಚಿನ ಮೇಲೆ ಅರ್ಧ ಕೂತ ರಬ್ಬರ್ ಮೊದಲ ದಿನ ಸೋರುವುದಿಲ್ಲ, ಒಂದು ಬೆಳಗ್ಗೆ ಹೊರಕ್ಕೆ ಉಬ್ಬಿ ಹರಿಯುತ್ತದೆ.

ಮೂರನೆಯದು ಬೈಪಾಸ್ ವಾಲ್ವ್. ಮೇಲೆ ಹೇಳಿದ ಬೈಪಾಸ್ ಪದ್ಧತಿಯೇ ಬೇರೆ, ಇದೇ ಬೇರೆ. ಇದನ್ನೂ ಪಂಪಿನ ಪ್ರೆಶರ್ ರಿಲೀಫ್ ವಾಲ್ವನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ರಿಲೀಫ್ ವಾಲ್ವ್ ಇಡೀ ಇಂಜಿನ್‌ನ ಪ್ರೆಶರಿಗೆ ಮಿತಿ ಹಾಕುತ್ತದೆ. ಬೈಪಾಸ್ ವಾಲ್ವ್ ನೋಡುವುದು ಫಿಲ್ಟರಿನ ಒಳಗೂ ಹೊರಗೂ ಇರುವ ಪ್ರೆಶರಿನ ವ್ಯತ್ಯಾಸವನ್ನು ಮಾತ್ರ. ಕಾಗದ ಕಟ್ಟಿಕೊಂಡಾಗ ಅಥವಾ ಆಯಿಲ್ ತಣ್ಣಗೆ ಗಟ್ಟಿಯಾಗಿದ್ದಾಗ, ವ್ಯತ್ಯಾಸ ಸಾಮಾನ್ಯವಾಗಿ 8ರಿಂದ 15 ಪಿಎಸ್‌ಐ ದಾಟಿದೊಡನೆ ಅದು ತೆರೆದು ಸೋಸದ ಆಯಿಲನ್ನೇ ಬೇರಿಂಗಿಗೆ ಬಿಡುತ್ತದೆ. ಹೊಲಸು ಆಯಿಲ್ ಕೆಟ್ಟದ್ದು, ಆಯಿಲೇ ಇಲ್ಲದಿರುವುದು ಅದಕ್ಕಿಂತ ಕೆಟ್ಟದ್ದು. ಫುಲ್-ಫ್ಲೋ ಇಂಜಿನ್‌ನಲ್ಲಿ ಈ ವಾಲ್ವ್ ಹೆಡ್‌ನಲ್ಲೋ ಫಿಲ್ಟರಿನಲ್ಲೋ ಎಲ್ಲಾದರೂ ಒಂದು ಕಡೆ ಇರಲೇಬೇಕು. ಎರಡೂ ಕಡೆ ಇದ್ದರೆ ತೊಂದರೆಯಿಲ್ಲ. ಹಳೆ ಹೆಡ್‌ನಲ್ಲಿ ಅದು ಇತ್ತು, ಹೊಸದರಲ್ಲಿ ಇಲ್ಲ ಎಂದಾದರೆ ವಾಲ್ವ್ ಇರುವ ಫಿಲ್ಟರನ್ನೇ ಕೇಳಿ ತನ್ನಿ. ಹೈಡ್ರಾಲಿಕ್ ಫಿಲ್ಟರ್ ಡಬ್ಬಿಗಳೂ ನೋಡಲು ಹೀಗೇ ಇರುತ್ತವೆ. ಅವುಗಳ ವಾಲ್ವ್, ಕಾಗದ, ಡಬ್ಬಿಯ ತಡೆದುಕೊಳ್ಳುವ ಶಕ್ತಿ ಎಲ್ಲ ಬೇರೆ ಕೆಲಸಕ್ಕಾಗಿ ಮಾಡಿದ್ದು. ಇಲ್ಲಿಗೆ ಬೇಡ.

ಪ್ರಶ್ನೆ: ಜಾಗವಿಲ್ಲದ ಕಾರಣ ಫಿಲ್ಟರನ್ನು ದೂರ ಇಟ್ಟು ಎರಡು ಹೋಸ್ ಕೊಟ್ಟೆವು. ಎಷ್ಟು ಸೆಲ್ಫ್ ಹೊಡೆದರೂ ಮೀಟರ್ ಏಳುತ್ತಿಲ್ಲ. ಪಂಪ್ ಹೋಗಿದೆಯೇ?

ಪಂಪ್ ಬಿಚ್ಚಬೇಡಿ, ಹೋಸುಗಳನ್ನು ಅದಲುಬದಲು ಮಾಡಿ. ಸೆಲ್ಫ್‌ನಲ್ಲೇ ನಿಲ್ಲಿಸಿದ್ದು ಒಳ್ಳೆಯದಾಯಿತು.

ಸ್ಪಿನ್-ಆನ್ ಫಿಲ್ಟರಿನ ಬಾಯಿಯ ಒಳಗೆ, ಹೊರಸುತ್ತಿನ ತೂತುಗಳ ಹಿಂದೆ, ರಬ್ಬರಿನ ತೆಳು ಮುಚ್ಚಳ ಇರುತ್ತದೆ. ಇಂಜಿನ್ ನಿಂತಾಗ ಡಬ್ಬಿಯ ಆಯಿಲ್ ಹಿಂದಕ್ಕೆ ಹರಿದು ಹೋಗದಂತೆ ತಡೆಯುವುದು ಅದರ ಕೆಲಸ. ಹೋಸ್ ತಿರುಗುಮುರುಗಾದರೆ ಆಯಿಲ್ ನಡುವಿನಿಂದ ಹೊಕ್ಕು ಹೊರಸುತ್ತಿಗೆ ಹೋಗಲು ನೋಡುತ್ತದೆ, ಈ ಮುಚ್ಚಳ ಅದನ್ನು ಮುಚ್ಚಿಬಿಡುತ್ತದೆ. ಪ್ರೆಶರ್ ಹೆಚ್ಚಿದಷ್ಟೂ ಬಿಗಿಯಾಗಿ ಮುಚ್ಚುತ್ತದೆ. ಬೈಪಾಸ್ ವಾಲ್ವೂ ಎದುರು ದಿಕ್ಕಿನಲ್ಲಿ ತೆರೆಯುವುದಿಲ್ಲ. ದಾರಿ ಪೂರ್ತಿ ಬಂದ್.

ಹೋಸಿನ ಒಳವ್ಯಾಸ 12 ಮಿ.ಮೀ.ಗಿಂತ ಕಡಿಮೆ ಬೇಡ, ಉದ್ದ ಒಂದು ಮೀಟರ್ ಒಳಗೇ ಇರಲಿ. ಹೈಡ್ರಾಲಿಕ್ ಹೋಸ್‌ಗೆ ತುದಿ ಒತ್ತಿಸಿ ತನ್ನಿ. ಡೀಸೆಲ್ ಪೈಪಿಗೆ ಕ್ಲಿಪ್ ಹಾಕಿದರೆ ಬಿಸಿ ಆಯಿಲಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಫಿಟ್ಟಿಂಗ್‌ಗಳಲ್ಲಿ ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎನ್‌ಪಿಟಿ ಎರಡಕ್ಕೂ ಇಂಚಿಗೆ 14 ಸುತ್ತೇ. ಆದ್ದರಿಂದ ಒಂದರೊಳಗೊಂದು ಹೋಗುತ್ತವೆ, ಆದರೆ ಥ್ರೆಡ್ಡಿನ ಕೋನ 55 ಮತ್ತು 60 ಡಿಗ್ರಿ, ಸೋರದೆ ಇರುವುದಿಲ್ಲ. ಬಿಳಿ ಟೇಪ್ ಸುತ್ತಿ ಮುಚ್ಚಲು ಹೋಗಬೇಡಿ. ಅದರ ಎಳೆ ಕಿತ್ತು ಒಳಗೆ ಹೋದರೆ ಆಯಿಲ್ ತೂತಿಗೆ ಅಡ್ಡವಾಗುತ್ತದೆ. ನೇರ ಥ್ರೆಡ್, ರಬ್ಬರ್ ಕಟ್ಟಿದ ಲೋಹದ ವಾಷರ್, ಅಷ್ಟು ಸಾಕು.

ಪ್ರಶ್ನೆ: ನಮ್ಮ ಇಂಜಿನ್‌ಗೆ ಸಿದ್ಧ ಹೆಡ್ ಸಿಗುವುದಿಲ್ಲ. ಹಳೆ ಹೆಡ್‌ಗೆ ಕೂರುವ ಅಡಾಪ್ಟರನ್ನು ಲೇತ್‌ನಲ್ಲಿ ಮಾಡಿಸಬಹುದೇ?

ಮಾಡಿಸಬಹುದು, ಟರ್ನರಿಗೆ ಬೌಲ್ ಮತ್ತು ಹೆಡ್ ಎರಡನ್ನೂ ಕೊಟ್ಟರೆ. ತಟ್ಟೆ ಕನಿಷ್ಠ 12 ಮಿ.ಮೀ. ದಪ್ಪದ ಉಕ್ಕಿನದಿರಲಿ. ಅದರ ಮೇಲ್ಮುಖದಲ್ಲಿ ಬೌಲ್‌ನ ಅಂಚಿನದೇ ನಕಲು ಬೇಕು, ಹಳೆ ರಬ್ಬರ್ ರಿಂಗಿನ ತೋಡಿನೊಳಗೆ ಹೊಕ್ಕು ಒತ್ತುವಂತೆ. ಕೆಳಮುಖ ನುಣುಪಾಗಿ, ಫಿಲ್ಟರಿನ ರಬ್ಬರಿಗಿಂತ ಎರಡೂ ಬದಿ 2-3 ಮಿ.ಮೀ. ಅಗಲವಾಗಿ. ಆಯಿಲ್ ಹೋಗಲು ನಡುವಿನಿಂದ ಸುಮಾರು 21-22 ಮಿ.ಮೀ. ದೂರದ ವೃತ್ತದಲ್ಲಿ 6 ಮಿ.ಮೀ.ನ ಆರು ತೂತು. ಇವು ಫಿಲ್ಟರಿನ ತೂತುಗಳಿಗೆ ನೇರ ಕೂಡಬೇಕೆಂದಿಲ್ಲ, ನಡುವೆ ಜಾಗವಿರುತ್ತದೆ.

ನಡುವಿನ ಟೊಳ್ಳು ಸ್ಟಡ್ಡೇ ಇಡೀ ಕೆಲಸದ ಜೀವ. 3/4 ಥ್ರೆಡ್ಡಿನ ಬುಡದ ವ್ಯಾಸ ಸುಮಾರು 17 ಮಿ.ಮೀ. ಒಳಗೆ 12 ಮಿ.ಮೀ. ಕೊರೆದರೆ ಗೋಡೆ 2.5 ಮಿ.ಮೀ. ಉಳಿಯುತ್ತದೆ, ಅದಕ್ಕಿಂತ ತೆಳು ಬೇಡ. ಸ್ಟಡ್ಡಿನ ಮೇಲಿನ ತುದಿ ಹಳೆ ನಡುಬೋಲ್ಟಿನ ಥ್ರೆಡ್ಡಿಗೆ ಏರಬೇಕು. ಆ ಥ್ರೆಡ್ ಅರ್ಧ ಇಂಚಿನಷ್ಟೇ ಇದ್ದರೆ ಅದರೊಳಗೆ 12 ಮಿ.ಮೀ. ಕೊರೆಯಲಾಗದು. ಹಾಗಾಗಿ ಥ್ರೆಡ್ ಭಾಗವನ್ನು ಗಟ್ಟಿಯಾಗಿಯೇ ಬಿಟ್ಟು, ಅದರ ಸ್ವಲ್ಪ ಕೆಳಗೆ ಅಡ್ಡಕ್ಕೆ 6 ಮಿ.ಮೀ.ನ ನಾಲ್ಕು ತೂತು ಕೊರೆಸಿ. ನಾಲ್ಕರ ವಿಸ್ತೀರ್ಣ ಸೇರಿ ಒಂದು 12 ಮಿ.ಮೀ. ತೂತಿಗೆ ಸಮ.

ಸೋಸಿದ ಆಯಿಲ್ ಈ ಅಡ್ಡ ತೂತುಗಳಿಂದ ಹೆಡ್‌ನ ನಡುಕೋಣೆಗೆ ಬಂದು ಗ್ಯಾಲರಿಗೆ ಹೋಗುತ್ತದೆ. ಆ ನಡುಕೋಣೆಗೂ ಅದರ ಸುತ್ತ ಸೋಸದ ಆಯಿಲ್ ನಿಂತ ಜಾಗಕ್ಕೂ ಮಧ್ಯೆ ಮೊದಲು ಅಡ್ಡ ಇದ್ದದ್ದು ಎಲಿಮೆಂಟಿನ ತುದಿಯ ವಾಷರ್. ಎಲಿಮೆಂಟ್ ಹೋದಮೇಲೆ ಅಲ್ಲಿ ಅಡಾಪ್ಟರಿನದೇ ಒಂದು ಕಾಲರ್, ಓ-ರಿಂಗ್ ಸಮೇತ, ಒತ್ತಿ ಕೂರಬೇಕು. ಮನೆಮಟ್ಟಿಗೆ ಮಾಡಿಸಿದ ಅಡಾಪ್ಟರುಗಳಲ್ಲಿ ಮರೆತುಹೋಗುವುದು ಇದೇ. ಮರೆತರೆ ಸೋರುವುದಿಲ್ಲ, ಪ್ರೆಶರ್ ಇಳಿಯುವುದಿಲ್ಲ, ಫಿಲ್ಟರ್ ಮಾತ್ರ ವರ್ಷವಿಡೀ ಸುಮ್ಮನೆ ನೇತಾಡುತ್ತದೆ.

ಬೆಂಚಿನ ಮೇಲೆಯೇ ಪರೀಕ್ಷಿಸಿ. ಹೆಡ್‌ಗೆ ಅಡಾಪ್ಟರ್ ಬಿಗಿದು, ಹೊರಸುತ್ತಿನ ಆರು ತೂತುಗಳನ್ನು ರಬ್ಬರ್ ಹಾಳೆಯಿಂದ ಒತ್ತಿ ಮುಚ್ಚಿ. ಸ್ಟಡ್ಡಿನ ಬಾಯಿ ತೆರೆದಿರಲಿ. ಪಂಪಿನ ಬದಿಯ ತೂತಿಗೆ ಕಡಿಮೆ ಪ್ರೆಶರಿನ ಗಾಳಿ ಬಿಡಿ. ಸ್ಟಡ್ಡಿನಿಂದಲಾಗಲಿ ಗ್ಯಾಲರಿ ತೂತಿನಿಂದಲಾಗಲಿ ಗಾಳಿ ಬಂದರೆ ನಡುವಿನ ಸೀಲ್ ಕೂತಿಲ್ಲ. ಹೆಡ್‌ನಲ್ಲೇ ಬೈಪಾಸ್ ವಾಲ್ವ್ ಇದ್ದರೆ ಗಾಳಿ ಅದನ್ನು ತೆರೆಯದಷ್ಟು ಮೆಲ್ಲಗಿರಲಿ, 5 ಪಿಎಸ್‌ಐ ಒಳಗೆ.

ಪ್ರಶ್ನೆ: ಫಿಲ್ಟರನ್ನು ಅಡ್ಡಡ್ಡ ಕೂರಿಸಿದ್ದೇವೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಏಳಲು ತಡ.

ರಾತ್ರಿ ಆಯಿಲ್ ಹಿಂದಕ್ಕೆ ಇಳಿದು ಡಬ್ಬಿ ಖಾಲಿಯಾಗುತ್ತಿದೆ. ಮೇಲೆ ಹೇಳಿದ ರಬ್ಬರ್ ಮುಚ್ಚಳ ಇಲ್ಲದ ಅಥವಾ ಅದು ಗಟ್ಟಿಯಾದ ಫಿಲ್ಟರ್ ಇರಬೇಕು. ಬಾಯಿಯ ತೂತಿನೊಳಗೆ ಇಣುಕಿದರೆ ಮುಚ್ಚಳ ಕಾಣುತ್ತದೆ, ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಬಗ್ಗಬೇಕು. ಸಿಲಿಕೋನ್ ಮುಚ್ಚಳದ್ದು ಬಿಸಿಗೆ ಹೆಚ್ಚು ದಿನ ಮೆತ್ತಗಿರುತ್ತದೆ. ಕೆಳಮುಖ ಕೂರಿಸಲು ಜಾಗವಿದ್ದರೆ ಈ ಚಿಂತೆಯೇ ಇರುವುದಿಲ್ಲ. ಆದರೆ ತೆಗೆಯಲು ಡಬ್ಬಿಯ ಕೆಳಗೆ 25 ಮಿ.ಮೀ.ನಷ್ಟು ಬಿಡುವು ಬೇಕು, ಸ್ಟೇರಿಂಗ್ ರಾಡ್ ಪೂರ್ತಿ ತಿರುಗಿದಾಗಲೂ ತಗಲಬಾರದು.

ಪ್ರಶ್ನೆ: ಬದಲಾಯಿಸಿದ ಮೇಲೆ ಮೊದಲ ಫಿಲ್ಟರ್ ಎಷ್ಟು ಗಂಟೆಗೆ ತೆಗೆಯಬೇಕು? ಹಳೆಯದನ್ನು ಕೊಯ್ದು ನೋಡಬೇಕೆನ್ನುತ್ತಾರೆ, ಏನು ನೋಡುವುದು?

ಮೊದಲನೆಯದನ್ನು 20-25 ಗಂಟೆಗೆ ತೆಗೆಯಿರಿ. ಹಳೆ ಫಿಲ್ಟರ್ ಸೋಸುತ್ತಿರಲಿಲ್ಲ ಎಂದಾದರೆ ಗ್ಯಾಲರಿ ಹಾಗೂ ಚೇಂಬರಿನಲ್ಲಿ ಕೂತಿರುವ ಕೆಸರು ಹೊಸ ಆಯಿಲಿಗೆ ಸಡಿಲಾಗಿ ಬಂದು ಕಾಗದವನ್ನು ಬೇಗ ಕಟ್ಟುತ್ತದೆ. ಎರಡನೆಯದರಿಂದ ಕೈಪಿಡಿಯ ಅವಧಿ.

ತೆಗೆದದ್ದನ್ನು ಒಂದು ರಾತ್ರಿ ಬೋರಲು ಇಟ್ಟು ಸೋರಿಸಿ, ಡಬ್ಬಿಯ ಅಂಚನ್ನು ಕಟ್ಟರಿನಿಂದ ಬಿಚ್ಚಿ. ಗರಗಸ ಬೇಡ, ಅದರ ಪುಡಿಯೇ ಕಣ್ಣಿಗೆ ಮೋಸ ಮಾಡುತ್ತದೆ. ಕಾಗದವನ್ನು ಚಾಕುವಿನಿಂದ ಕತ್ತರಿಸಿ, ವೈಸ್‌ನಲ್ಲಿ ಹಿಂಡಿ, ಬಿಸಿಲಿಗೆ ಬಿಡಿಸಿ ಹಿಡಿಯಿರಿ. ಕಪ್ಪು ಮಸಿ ಡೀಸೆಲ್ ಇಂಜಿನ್‌ಗೆ ಸಹಜ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣದ್ದು: ರಿಂಗ್, ಲೈನರ್, ಗೇರು. ಅಂಟದ ಬೆಳ್ಳಿ ಬಣ್ಣದ್ದು ಪಿಸ್ಟನ್ ಅಥವಾ ಬೇರಿಂಗ್ ಮೇಲ್ಪದರದ್ದು. ತಾಮ್ರದ ಹೊಳಪು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿರಬಹುದು, ಅಥವಾ ಬುಷ್ ಸವೆಯುತ್ತಿರಬಹುದು. ಮುಂದಿನ ಸುಗ್ಗಿಗೆ ಮೊದಲು ಚೇಂಬರ್ ಇಳಿಸಿ ಬೇರಿಂಗ್ ಶೆಲ್ ನೋಡಿ. ಕಾಗದ ಹೊಚ್ಚ ಹೊಸದರಂತೆ ಶುಭ್ರವಾಗಿದ್ದು, ಡಿಪ್‌ಸ್ಟಿಕ್‌ನ ಆಯಿಲ್ ಮಾತ್ರ ಕೊಳೆಯಾಗಿದ್ದರೆ ಖುಷಿಪಡಬೇಡಿ. ಆಯಿಲ್ ಆ ಕಾಗದದ ಮೂಲಕ ಹೋಗಿಯೇ ಇಲ್ಲ. ನಡುವಿನ ಸೀಲನ್ನೂ ಹೆಡ್‌ನ ಬೈಪಾಸ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯೇ ಎಂಬುದನ್ನೂ ಬಿಚ್ಚಿ ನೋಡಿ.